ಓಕ್ ವೆನೀರ್ ಬಾಗಿಲಿಗೆ ಏನು ಹಚ್ಚುವುದು? ಬಣ್ಣಕ್ಕಿಂತ ಮೊದಲು ಪದರ ನೋಡಿ

ಹೊಸ ಓಕ್ ಬಾಗಿಲಿನ ಪ್ಲಾಸ್ಟಿಕ್ ಬಿಚ್ಚಿದ ಕೂಡಲೇ ಮನೆಯವರೆಲ್ಲ ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಏನು ಹಚ್ಚಿದರೆ ಚೆನ್ನಾಗಿ ಕಾಣುತ್ತದೆ? ನಾನೂ ಮೊದಲ ಸಲ ಅಲ್ಲಿಂದಲೇ ಶುರು ಮಾಡಿದ್ದೆ. ಒಂದು ಬಾಗಿಲನ್ನು ಕೆಡಿಸಿಕೊಂಡ ಮೇಲೆ ಪ್ರಶ್ನೆ ಬದಲಾಯಿತು.

ವೆನೀರ್ ಅಂದರೆ ಮೇಲೆ ಅಂಟಿಸಿದ ತೆಳು ಮರದ ಹಾಳೆ. ವೆನೀರ್ ಬಾಗಿಲಿನಲ್ಲಿ ಕಣ್ಣಿಗೆ ಕಾಣುವ ಓಕ್ ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸು. ಎರಡು ಪೋಸ್ಟ್‌ಕಾರ್ಡ್ ಜೋಡಿಸಿ ಹಿಡಿದರೆ ಎಷ್ಟು ದಪ್ಪವೋ ಅಷ್ಟೇ. ಅದರ ಕೆಳಗಿರುವುದು ಎಂಡಿಎಫ್ (ಮರದ ನಾರಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ), ಇಲ್ಲವೇ ಸಣ್ಣ ಸಣ್ಣ ಪಟ್ಟಿಗಳನ್ನು ಅಂಟಿಸಿ ಮಾಡಿದ ತಿರುಳು. ಅಂಚಿಗೆ ಮಾತ್ರ ಗಟ್ಟಿ ಓಕಿನ ಪಟ್ಟಿ ಕೂಡಿಸಿರುತ್ತಾರೆ. ಬಡಗಿಗಳು ಅದಕ್ಕೆ ಲಿಪ್ಪಿಂಗ್ ಅನ್ನುತ್ತಾರೆ. ಇಡೀ ಬಾಗಿಲೇ ಗಟ್ಟಿ ಮರದ್ದಾಗಿದ್ದರೆ ಹಚ್ಚಿದ್ದು ಸರಿಹೋಗದಿದ್ದಾಗ ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಬಹುದು. ವೆನೀರಿಗೆ ಆ ಭಾಗ್ಯ ಹೆಚ್ಚೆಂದರೆ ಒಂದು ಸಲ, ಕೆಲವೊಮ್ಮೆ ಅದೂ ಇಲ್ಲ. ಹಾಗಾಗಿ ನಾನು ಮೊದಲು ಕೇಳುವುದು, ಆರೇಳು ವರ್ಷದಲ್ಲಿ ಹಿಡಿಯ ಸುತ್ತ ಮಾಸಿದಾಗ ಇದರ ಮೇಲೆ ಮುಂದಿನ ಕೋಟ್ ಹೇಗೆ ಕೂರಿಸುತ್ತೇನೆ ಎಂದು. ಬಣ್ಣ ಆಮೇಲೆ. ಹೊಳಪು ಎಲ್ಲಕ್ಕಿಂತ ಕೊನೆಗೆ.

ಮೊದಲು ಬಾಗಿಲನ್ನು ಓದಿ

ಬಾಗಿಲು ಬರಿಮೈಯಲ್ಲಿದೆಯೋ, ಕಾರ್ಖಾನೆಯಲ್ಲೇ ಏನಾದರೂ ಹಚ್ಚಿ ಕಳಿಸಿದ್ದಾರೋ ಎಂಬುದು ಮೊದಲು ಗೊತ್ತಾಗಬೇಕು. ಕೆಲವು ಮ್ಯಾಟ್, ಅಂದರೆ ಹೊಳಪಿಲ್ಲದ, ಲ್ಯಾಕರ್‌ಗಳು ಎಷ್ಟು ತೆಳುವೆಂದರೆ ಕಣ್ಣಿಗೆ ಕಾಣುವುದೇ ಇಲ್ಲ. ಕಾಣದ ಜಾಗದಲ್ಲಿ ಒಂದು ಹನಿ ನೀರು ಬಿಡಿ. ಹನಿ ಉಂಡೆಯಾಗಿ ನಿಂತರೆ ಮೇಲೊಂದು ಪದರವಿದೆ. ಒಂದೆರಡು ನಿಮಿಷದಲ್ಲಿ ಹೀರಿಕೊಂಡು ಆ ಜಾಗ ಕಪ್ಪಾದರೆ ಮರ ಬರಿಮೈ. ಆಗಲೇ ಲ್ಯಾಕರ್ ಇದ್ದ ಬಾಗಿಲಿಗೆ ಎಣ್ಣೆ ಹಚ್ಚಿದರೆ ಅದು ಒಳಗೆ ಹೋಗದೆ ಮೇಲೆಯೇ ಜಿಗುಟಾಗಿ ಉಳಿಯುತ್ತದೆ.

ಜೊತೆಗೆ ಬಂದ ಚೀಟಿಯನ್ನು ಬಿಸಾಡಬೇಡಿ. ಎಣ್ಣೆ, ಮೇಣ ಹಚ್ಚಿದ್ದಕ್ಕೆ ಗ್ಯಾರಂಟಿ ಇಲ್ಲ, ವಾರ್ನಿಶ್ ಮಾತ್ರ ಎಂದು ಬರೆಯುವ ತಯಾರಕರಿದ್ದಾರೆ. ಎಣ್ಣೆಯ ತೆಳು ಪದರ ತೇವವನ್ನು ಅಷ್ಟಾಗಿ ತಡೆಯುವುದಿಲ್ಲ ಎನ್ನುವುದು ಅವರ ಕಾರಣ, ಅದರಲ್ಲಿ ತಥ್ಯವೂ ಇದೆ. ಬಾಗಿಲು ಬೆಂಕಿ ತಡೆಯುವ ಜಾತಿಯದಾದರೆ ಅದರ ಮೇಲಿನ ಲೇಬಲ್ಲಿಗಾಗಲಿ, ಕಾವು ತಗುಲಿದರೆ ಉಬ್ಬುವ ಅಂಚಿನ ಪಟ್ಟಿಗಾಗಲಿ ಏನನ್ನೂ ಬಳಿಯಬೇಡಿ.

ಇನ್ನೊಂದು ಮಾತು. ಬಿಚ್ಚಿದ ಬಾಗಿಲನ್ನು ಗೋಡೆಗೆ ಒರಗಿಸಿ ವಾರಗಟ್ಟಲೆ ಬಿಡಬೇಡಿ, ಬಾಗುತ್ತದೆ. ತೂಗುಹಾಕುವ ಮನೆಯೊಳಗೇ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಮಟ್ಟಸವಾಗಿ ಮಲಗಿಸಿ, ಅಲ್ಲಿನ ಗಾಳಿಗೆ ಹೊಂದಿಕೊಳ್ಳಲು ಕೆಲವು ದಿನ ಬಿಡಿ. ಒದ್ದೆ ಗಿಲಾವಿನ ಕೋಣೆಯಲ್ಲಂತೂ ಇಡಲೇಬೇಡಿ.

ಯಾವ ಜಾತಿಯ ಫಿನಿಶ್

ಅಂಗಡಿಯ ಕಪಾಟಿನಲ್ಲಿ ನೂರು ಡಬ್ಬಿ ಕಂಡರೂ ಜಾತಿ ಎರಡೇ. ಒಂದು ಮರದೊಳಕ್ಕೆ ಇಳಿಯುತ್ತದೆ, ಇನ್ನೊಂದು ಮರದ ಮೇಲೆ ಪೊರೆ ಕಟ್ಟುತ್ತದೆ. ಇಳಿಯುವಂಥದ್ದು ಸವೆದರೆ ತೊಳೆದು, ತೆಳುವಾಗಿ ಉಜ್ಜಿ ಅಷ್ಟು ಜಾಗಕ್ಕೆ ಮತ್ತೆ ಹಚ್ಚಬಹುದು. ಪೊರೆ ಕಟ್ಟುವಂಥದ್ದು ಬಹುಕಾಲ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಒಂದು ಕಡೆ ಎದ್ದುಬಂದರೆ ಅಷ್ಟಕ್ಕೇ ತೇಪೆ ಹಾಕಲು ಬರುವುದಿಲ್ಲ. ಆ ಮೈಯನ್ನೆಲ್ಲ ಉಜ್ಜಬೇಕು. ಉಜ್ಜಲು ನಮ್ಮ ಬಳಿ ಇರುವುದು ಅರ್ಧ ಮಿಲಿಮೀಟರ್.

ಹಾರ್ಡ್‌ವ್ಯಾಕ್ಸ್ ಆಯಿಲ್ ಇವೆರಡರ ನಡುವಿನದು. ಸಸ್ಯದ ಎಣ್ಣೆಗೆ ಕಾರ್ನೌಬಾದಂಥ ಗಟ್ಟಿ ಮೇಣ ಬೆರೆಸಿರುತ್ತಾರೆ. ಎಣ್ಣೆ ಒಳಗೆ ಇಳಿಯುತ್ತದೆ, ಮೇಣ ಮೇಲೆ ನಿಂತು ನೀರಿನ ಹನಿಯನ್ನೂ ಕೈಯ ಜಿಡ್ಡನ್ನೂ ತಡೆಯುತ್ತದೆ. ಮಲಗುವ ಕೋಣೆ, ಓದುವ ಕೋಣೆ, ಹಜಾರದ ಬಾಗಿಲುಗಳಿಗೆ ತಯಾರಕರ ಅಡ್ಡಿಯಿಲ್ಲದಿದ್ದರೆ ನನ್ನ ಮೊದಲ ಆಯ್ಕೆ ಇದೇ. ಎರಡೇ ಕೋಟ್ ಸಾಕು, ಬ್ರಶ್ಶಿನ ಗೆರೆ ಉಳಿಯುವುದಿಲ್ಲ, ಬೆರಳಿಗೆ ಮರದ ಎಳೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯ, ಹಿಡಿಯ ಸುತ್ತ ಮಂಕಾದರೆ ಚಿಂದಿಬಟ್ಟೆಯಲ್ಲಿ ಒಂದಿಷ್ಟು ಹಚ್ಚಿ ಉಜ್ಜಿದರೆ ಕೆಲಸ ಮುಗಿಯಿತು.

ಡೇನಿಶ್ ಆಯಿಲ್ ಅನ್ನುವುದಕ್ಕೆ ಇದಮಿತ್ಥಂ ಎನ್ನುವ ಪಾಕವಿಲ್ಲ. ಎಣ್ಣೆ, ವಾರ್ನಿಶ್, ಥಿನ್ನರ್ ಮೂರನ್ನೂ ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಬೆರೆಸುತ್ತಾರೆ. (ಟೀಕ್ ಆಯಿಲ್ ಕೂಡ ಇದೇ ಬಳಗ, ಹೆಸರಲ್ಲಿ ತೇಗವಿದ್ದರೂ ಡಬ್ಬಿಯಲ್ಲಿ ತೇಗದ ಎಣ್ಣೆ ಇರುವುದಿಲ್ಲ.) ಹಚ್ಚಲು ಬಹಳ ಸುಲಭ, ಬಣ್ಣ ಬೆಚ್ಚಗೆ, ರಕ್ಷಣೆ ಸಾಧಾರಣ. ಬರೀ ಅಗಸೆ ಎಣ್ಣೆಯನ್ನು ನಾನು ಒಳಬಾಗಿಲಿಗೆ ಹಚ್ಚುವುದಿಲ್ಲ. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ಬೆಳಕು ಕಡಿಮೆ ಇರುವ ಓಣಿಯಲ್ಲಿ ವರ್ಷ ಕಳೆದಂತೆ ಹಳದಿಗೆ ತಿರುಗುತ್ತದೆ.

ಪೊರೆ ಕಟ್ಟುವವುಗಳಲ್ಲಿ ನೀರು ಆಧಾರಿತ ವಾರ್ನಿಶ್, ಅಂದರೆ ಅಕ್ರಿಲಿಕ್ ಇಲ್ಲವೇ ವಾಟರ್‌ಬೇಸ್ಡ್ ಪಾಲಿಯುರೆಥೇನ್, ಓಕಿನ ತಿಳಿಬಣ್ಣವನ್ನು ಹೆಚ್ಚು ಕೆಡಿಸದೆ ಉಳಿಸುತ್ತದೆ. ವಾಸನೆ ಕಡಿಮೆ. ಎರಡರಿಂದ ನಾಲ್ಕು ಗಂಟೆಯಲ್ಲಿ ಮುಂದಿನ ಕೋಟಿಗೆ ಸಿದ್ಧ. ಆದರೆ ನೀರು ತಗುಲಿದ ಕೂಡಲೇ ಮರದ ಎಳೆಗಳು ಎದ್ದು ಮೊದಲ ಕೋಟ್ ಮುಳ್ಳುಮುಳ್ಳಾಗುತ್ತದೆ. ಹೆದರಬೇಡಿ, ಮುಂದೆ ಹೇಳುತ್ತೇನೆ. ಎಣ್ಣೆ ಆಧಾರಿತ ಪಾಲಿಯುರೆಥೇನ್ ಇನ್ನೂ ಗಟ್ಟಿ, ಹಚ್ಚುವಾಗ ತಾನೇ ಸಮತಟ್ಟಾಗಿ ಹರಡಿಕೊಳ್ಳುತ್ತದೆ. ಆದರೆ ಹಚ್ಚಿದ ದಿನವೇ ಜೇನಿನ ಬಣ್ಣ ಕೊಟ್ಟು, ಬರಬರುತ್ತಾ ಇನ್ನೂ ಕೆಂಪಳದಿಯಾಗುತ್ತದೆ. ಬಚ್ಚಲಮನೆ ಮತ್ತು ಅಡುಗೆಮನೆಯ ಬಾಗಿಲಿಗೆ, ಹಬೆ ಮತ್ತು ಒದ್ದೆ ಕೈ ಸದಾ ತಗುಲುವ ಜಾಗಕ್ಕೆ, ಇವೆರಡರಲ್ಲಿ ಒಂದನ್ನು ಆರಿಸಿ. ಅಲ್ಲಿ ಎಣ್ಣೆಯ ಮೋಹ ಬೇಡ.

ಬರೀ ಮೇಣ ಮೊದಲ ದಿನ ನೋಡಲು ಸೊಗಸು. ಆದರೆ ನೀರಿಗೆ ಕಲೆಯಾಗುತ್ತದೆ, ಮೇಲಾಗಿ ಅದರ ಮೇಲೆ ಬೇರೆ ಯಾವುದೂ ಹಿಡಿಯುವುದಿಲ್ಲ. ಅದು ಮುಂದಿನ ದಾರಿಯನ್ನೇ ಮುಚ್ಚುತ್ತದೆ ಎನ್ನುವ ಒಂದೇ ಕಾರಣಕ್ಕೆ ನನ್ನ ಪಟ್ಟಿಯಲ್ಲಿ ಇಲ್ಲ. ಅರಗಿನ ಪಾಲಿಶ್ ಚೆಂದ. ಸ್ಪಿರಿಟ್ಟಿಗೂ ಬಿಸಿಗೂ ಸೋಲುವುದರಿಂದ ದಿನಕ್ಕೆ ಇಪ್ಪತ್ತು ಸಲ ಕೈ ತಾಗುವ ಬಾಗಿಲಿಗೆ ಸಲ್ಲ. ಸ್ಪ್ರೇ ಲ್ಯಾಕರ್ ಮತ್ತು ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ನುರಿತವರ ಕೆಲಸ, ಮನೆಯೊಳಗೆ ಮಾಡುವಂಥದ್ದಲ್ಲ.

ಸ್ಟೇನ್, ಅಂದರೆ ಮರದೊಳಕ್ಕೆ ಇಳಿಯುವ ಬಣ್ಣ, ಹಾಕಿ ಓಕನ್ನು ಗಾಢ ಕಂದು ಮಾಡಬೇಕೆನ್ನುವವರಿಗೆ ಒಂದು ಎಚ್ಚರಿಕೆ. ವೆನೀರ್ ಮತ್ತು ಅಂಚಿನ ಗಟ್ಟಿ ಪಟ್ಟಿ ಬೇರೆ ಬೇರೆ ಮರದಿಂದ ಬಂದವು; ಎರಡೂ ಸ್ಟೇನನ್ನು ಒಂದೇ ಹದದಲ್ಲಿ ಕುಡಿಯುವುದಿಲ್ಲ. ಬಾಗಿಲಿನ ಸುತ್ತ ಚೌಕಟ್ಟು ಬರೆದಂತೆ ಕಂಡೀತು. ಹಿಂತೆಗೆಯಲೂ ಆಗದು.

ಓಕಿನ ಸ್ವಭಾವ: ಟ್ಯಾನಿನ್

ಓಕಿನಲ್ಲಿ ಟ್ಯಾನಿನ್ ಹೇರಳ. ನಾಲಿಗೆಗೆ ಒಗರು ಅನ್ನಿಸುವ ಪದಾರ್ಥವೇ ಅದು. ನಾವು ಮಾಚಿಕಾಯಿ ಎನ್ನುವುದೂ ಓಕ್ ಜಾತಿಯ ಮರದ ಮೇಲೆ ಕೀಟದಿಂದ ಆಗುವ ಗಂಟೇ. ಯುರೋಪಿನಲ್ಲಿ ಶತಮಾನಗಳ ಕಾಲ ಇಂಥ ಗಂಟಿನ ರಸಕ್ಕೆ ಕಬ್ಬಿಣದ ಲವಣ ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದರು. ನಿಮ್ಮ ಬಾಗಿಲಿನ ಮೇಲೂ ಅದೇ ಶಾಯಿ ತಯಾರಾಗಬಹುದು: ಕಬ್ಬಿಣದ ಪುಡಿ, ಸ್ವಲ್ಪ ನೀರು, ಓಕ್ ಮೂರೂ ಸೇರಿದರೆ ನೀಲಿಗಪ್ಪು ಚುಕ್ಕೆ. ಆದ್ದರಿಂದ ಕೋಟುಗಳ ನಡುವೆ ಉಜ್ಜಲು ಉಕ್ಕಿನ ಎಳೆಗಳ ಸ್ಟೀಲ್ ವೂಲ್ ಬೇಡವೇ ಬೇಡ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರಿನ ಜಾತಿಯ ಮೃದು ನೈಲಾನ್ ಪ್ಯಾಡ್ ಬಳಸಿ. ಸ್ಕ್ರೂ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಇರಲಿ. ಕಪ್ಪು ಚುಕ್ಕೆ ಬಿದ್ದೇಬಿಟ್ಟರೆ ಆಕ್ಸಾಲಿಕ್ ಆಮ್ಲದ ದ್ರಾವಣದಿಂದ ತೆಗೆಯಬಹುದು. ಅದು ವಿಷ, ಕೈಗವಸು ಕನ್ನಡಕ ಇಲ್ಲದೆ ಮುಟ್ಟಬೇಡಿ.

ಬಿಳಿ ಪೇಂಟು ಇಲ್ಲವೇ ಬಿಳಿಛಾಯೆಯ ವಾರ್ನಿಶ್ ಹಚ್ಚುವವರನ್ನೂ ಇದೇ ಟ್ಯಾನಿನ್ ಕಾಡುತ್ತದೆ. ನೀರು ಆಧಾರಿತ ಬಣ್ಣ ಅದನ್ನು ಕರಗಿಸಿ ಮೇಲಕ್ಕೆಳೆದು ಚಹಾ ಚೆಲ್ಲಿದಂಥ ಕಲೆ ಮಾಡುತ್ತದೆ. ಪೇಂಟಿನ ಕೆಳಗೆ ಕಲೆ ತಡೆಯುವ ಪ್ರೈಮರ್ ಇರಲೇಬೇಕು. ಇದೇ ಗುಣವನ್ನು ಬಣ್ಣಕ್ಕಾಗಿ ದುಡಿಸಿಕೊಂಡವರೂ ಇದ್ದಾರೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಗುಸ್ಟಾವ್ ಸ್ಟಿಕ್ಲಿ ತನ್ನ ಓಕ್ ಪೀಠೋಪಕರಣಗಳನ್ನು ಅಮೋನಿಯಾದ ಹೊಗೆಯಲ್ಲಿಟ್ಟು ಕಂದು ಮಾಡುತ್ತಿದ್ದ. ಮನೆಯಲ್ಲಿ ಮಾಡಿನೋಡುವ ಆಟ ಅದಲ್ಲ.

ಬಣ್ಣ ತೀರ್ಮಾನಿಸುವ ಬಗೆ

ಯಾವ ಪಾರದರ್ಶಕ ಫಿನಿಶ್ ಹಚ್ಚಿದರೂ ಓಕ್ ಸ್ವಲ್ಪ ಗಾಢವಾಗುತ್ತದೆ, ಒದ್ದೆಯಾದಂತೆ. ಹಚ್ಚಿದ್ದೇ ಗೊತ್ತಾಗಬಾರದು ಎನ್ನುವವರಿಗಾಗಿ ಕಣದಷ್ಟು ಬಿಳಿ ಬಣ್ಣ ಬೆರೆಸಿದ ಹಾರ್ಡ್‌ವ್ಯಾಕ್ಸ್ ಆಯಿಲ್ ಸಿಗುತ್ತದೆ. ಆ ಬಿಳುಪು ಒದ್ದೆಛಾಯೆಯನ್ನು ಅಳಿಸುತ್ತದೆ. ಗಾಢ ಓಕಿಗೆ ಅದನ್ನು ಹಚ್ಚಿದರೆ ಬೂದಿ ಬಳಿದಂತೆ ಕಂಡೀತು, ತಿಳಿ ಓಕಿಗೆ ಮಾತ್ರ ಹೊಂದುತ್ತದೆ. ಏನೇ ಹಚ್ಚಿದರೂ ಬೆಳಕಿನಲ್ಲಿ ಓಕ್ ತಾನಾಗಿ ವರ್ಷಗಳಲ್ಲಿ ಹೊನ್ನಬಣ್ಣಕ್ಕೆ ತಿರುಗುತ್ತದೆ. ಬಾಗಿಲಿಗೆ ಅಂಟಿಸಿದ ಸ್ಟಿಕ್ಕರ್ ಎರಡು ವರ್ಷದ ಮೇಲೆ ಕಿತ್ತರೆ ಅದರ ಅಚ್ಚು ಬಿಳಿಯಾಗಿ ಉಳಿದಿರುವುದು ಇದಕ್ಕೇ.

ಬಾಗಿಲುಗಳು ನಾಲ್ಕೈದಿದ್ದರೆ ಎಲ್ಲವನ್ನೂ ಅಕ್ಕಪಕ್ಕ ಮಲಗಿಸಿ, ಬಿಳಿ ಬಟ್ಟೆಯನ್ನು ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿ ಒರೆಸಿ. ಆರುವವರೆಗಿನ ಎರಡು ನಿಮಿಷ, ಎಣ್ಣೆ ಹಚ್ಚಿದ ಮೇಲೆ ಮರ ಹೇಗೆ ಕಾಣುತ್ತದೆ ಎಂಬ ಅಂದಾಜು ಸಿಗುತ್ತದೆ. ಯಾವ ಬಾಗಿಲು ಕೆಂಪು, ಯಾವುದು ಹಸಿರುಗಂದು ಎಂದು ಆಗಲೇ ಗುರುತಿಸಿ, ಒಂದೇ ಓಣಿಯಲ್ಲಿ ಎದುರುಬದುರು ಬರುವವುಗಳನ್ನು ಜೋಡಿ ಮಾಡಿ. ಫಿನಿಶ್ ಆದ ಮೇಲೆ ವ್ಯತ್ಯಾಸ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಅಂಟು ಸೋರಿದ ಜಾಗವೂ ಈ ಒರೆಸುವಿಕೆಯಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ.

ಮಾದರಿ ಹಚ್ಚಿನೋಡಲು ಹಲವರು ಬಾಗಿಲಿನ ನೆತ್ತಿಯ ಅಂಚನ್ನು ಆರಿಸುತ್ತಾರೆ. ಅದು ಮೋಸ, ಅಲ್ಲಿರುವುದು ವೆನೀರಲ್ಲ, ಪಟ್ಟಿ. ಉದ್ದ ಕಡಿಮೆ ಮಾಡಲು ಬುಡದಿಂದ ಕೊಯ್ದ ತುಂಡಿದ್ದರೆ ಅದರ ಮುಖಕ್ಕೆ ಹಚ್ಚಿ. ಇಲ್ಲದಿದ್ದರೆ ಹಿಡಿಯ ತಟ್ಟೆ ಕೂತು ಮುಚ್ಚಿಹೋಗುವ ಜಾಗವಿದೆಯಲ್ಲ, ಅಲ್ಲಿ ಪೆನ್ಸಿಲಿನಲ್ಲಿ ಗುರುತು ಮಾಡಿ ಅದರೊಳಗೇ ಹಚ್ಚಿ ನೋಡಿ. ಪೂರಾ ಒಣಗಿದ ಮೇಲೆ, ಹಗಲಿನಲ್ಲೊಮ್ಮೆ ದೀಪದಲ್ಲೊಮ್ಮೆ ನೋಡಿ ಆಮೇಲೆ ತೀರ್ಮಾನ ಮಾಡಿ.

ಹೊಳಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ಲಾಸಿ ಪ್ರತಿ ಧೂಳಿನ ಕಣವನ್ನೂ ಜಾಹೀರು ಮಾಡುತ್ತದೆ. ಮ್ಯಾಟ್ ಮರದಂತೆಯೇ ಕಾಣುತ್ತದೆ, ಆದರೆ ಕೈ ತಾಗುವ ಕಡೆ ಉಜ್ಜಿ ಉಜ್ಜಿ ಅಲ್ಲಷ್ಟೇ ಮಿರುಗತೊಡಗುತ್ತದೆ. ಇವೆರಡರ ನಡುವಿನ ಸ್ಯಾಟಿನ್ ಹೆಚ್ಚಿನ ಮನೆಗಳಿಗೆ ಸರಿ. ಮ್ಯಾಟ್, ಸ್ಯಾಟಿನ್ ಎರಡರಲ್ಲೂ ಹೊಳಪು ತಗ್ಗಿಸುವ ಪುಡಿ ಡಬ್ಬಿಯ ತಳಕ್ಕಿಳಿದಿರುತ್ತದೆ. ಕೋಲಿನಿಂದ ತಳ ಕೆರೆದು ಕಲಕಿ. ಕುಲುಕಬೇಡಿ, ಗುಳ್ಳೆ ಏಳುತ್ತದೆ.

ಉಜ್ಜುವುದು, ಆದರೆ ಕೈ ಹಿಡಿದು

ನನ್ನ ಕೆಟ್ಟ ಬಾಗಿಲಿನ ಕತೆ ಇಲ್ಲಿದೆ. ಸ್ಯಾಂಡಿಂಗ್ ಮಷಿನ್ ಇದೆಯಲ್ಲ ಎಂಬ ಹುಮ್ಮಸ್ಸಿನಲ್ಲಿ ಅಂಚಿನ ಹತ್ತಿರ ಎರಡು ಸುತ್ತು ಹೆಚ್ಚು ತಿರುಗಿಸಿದೆ. ಕಂದು ಎಳೆಗಳ ನಡುವೆ ಹೆಬ್ಬೆರಳಗಲದ ನಯವಾದ ಬೂದು ಮಚ್ಚೆ ಕಾಣಿಸಿತು. ಅದು ಎಂಡಿಎಫ್. ಯಾವ ಎಣ್ಣೆಯೂ ಅದನ್ನು ಓಕ್ ಮಾಡಲಾರದು.

ಕಾರ್ಖಾನೆಯಿಂದ ಬಂದ ವೆನೀರನ್ನು ಅಲ್ಲೇ ಚೆನ್ನಾಗಿ ಉಜ್ಜಿರುತ್ತಾರೆ. ನಮ್ಮ ಕೆಲಸ ಕೈ ಜಿಡ್ಡು, ಎದ್ದ ಎಳೆ ತೆಗೆಯುವುದಷ್ಟೇ. 180 ಇಲ್ಲವೇ 220 ನಂಬರಿನ ಉಪ್ಪುಕಾಗದವನ್ನು ಕಾರ್ಕ್ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲೇ, ಭಾರ ಹಾಕದೆ ನಾಲ್ಕೈದು ಸಲ ಎಳೆದರೆ ಸಾಕು. ಅಡ್ಡ ಉಜ್ಜಿದ ಗೀರು ಈಗ ಕಾಣದಿದ್ದರೂ ಎಣ್ಣೆ ಬಿದ್ದ ಕೂಡಲೇ ಎದ್ದು ನಿಲ್ಲುತ್ತದೆ. ಅಂಚುಗಳ ಚೂಪನ್ನು ಮಾತ್ರ ಒಂದೇ ಎಳೆತದಲ್ಲಿ ಮೊಂಡು ಮಾಡಿ, ಏಕೆಂದರೆ ಚೂಪು ಅಂಚಿನಲ್ಲಿ ಯಾವ ಫಿನಿಶ್ಶೂ ನಿಲ್ಲುವುದಿಲ್ಲ. ಎಣ್ಣೆ ಹಚ್ಚುವವರು 240ಕ್ಕಿಂತ ನುಣುಪು ಮಾಡಬೇಡಿ; ಮರದ ಬಾಯಿ ಕಟ್ಟಿಹೋಗಿ ಎಣ್ಣೆ ಇಳಿಯದು.

ಧೂಳನ್ನು ವ್ಯಾಕ್ಯೂಮಿನ ಬ್ರಶ್ಶಿನಿಂದ ತೆಗೆಯಿರಿ. ಮೂಗಿಗೆ ಸರಿಯಾದ ಮಾಸ್ಕ್ ಇರಲಿ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿಟ್ಟಿದೆ.

ಹಚ್ಚುವ ಕೆಲಸ

ಮೊದಲು ಲೆಕ್ಕ. 2 ಮೀಟರ್ ಎತ್ತರ, 80 ಸೆಂಟಿಮೀಟರ್ ಅಗಲದ ಬಾಗಿಲಿನ ಎರಡು ಮುಖ ಸೇರಿ 3.2 ಚದರ ಮೀಟರ್. ಅಂಚುಗಳೂ ಸೇರಿದರೆ ಸುಮಾರು 3.4. ವಾರ್ನಿಶ್ ಲೀಟರಿಗೆ ಸಾಮಾನ್ಯವಾಗಿ 10ರಿಂದ 12 ಚದರ ಮೀಟರ್ ಬರುತ್ತದೆ, ಮೂರು ಕೋಟ್‌ಗೆ ಬಾಗಿಲಿಗೊಂದು ಲೀಟರ್ ಅಂದುಕೊಳ್ಳಿ. ಹಾರ್ಡ್‌ವ್ಯಾಕ್ಸ್ ಆಯಿಲ್ ಲೀಟರಿಗೆ 20 ಚದರ ಮೀಟರಿಗೂ ಮೀರಿ ಹರಡುತ್ತದೆ. ಎರಡು ಕೋಟ್‌ಗೆ ಲೀಟರಿನ ಮೂರನೇ ಒಂದು ಭಾಗ ಸಾಕು. ಡಬ್ಬಿಯ ಬೆಲೆ ನೋಡಿ ಬೆಚ್ಚುವ ಮೊದಲು ಈ ಲೆಕ್ಕ ಮಾಡಿ.

ಎರಡೂ ಮುಖಕ್ಕೆ ಒಂದೇ ದಿನ ಹಚ್ಚಲು ಒಂದು ಉಪಾಯ. ಬಾಗಿಲಿನ ನೆತ್ತಿಯಂಚಿಗೆ ಎರಡು, ಬುಡದಂಚಿಗೆ ನಟ್ಟನಡುವೆ ಒಂದು ಉದ್ದ ಸ್ಕ್ರೂ ಹಾಕಿ (ಮೊದಲು ಡ್ರಿಲ್ಲಿನಿಂದ ಸಣ್ಣ ತೂತು ಮಾಡಿಕೊಳ್ಳಿ). ಸ್ಕ್ರೂಗಳ ಮೇಲೆ ಬಾಗಿಲನ್ನು ಎರಡು ಸ್ಟ್ಯಾಂಡಿನ ನಡುವೆ ಮಲಗಿಸಿ. ಒಂದು ಮುಖ ಹಚ್ಚಿ, ಎರಡು ಸ್ಕ್ರೂ ಇರುವ ತುದಿಯನ್ನೆತ್ತಿ ಮಗುಚಿದರೆ ಇನ್ನೊಂದು ತುದಿ ಒಂಟಿ ಸ್ಕ್ರೂವಿನ ಮೇಲೆ ತಾನೇ ತಿರುಗುತ್ತದೆ. ಹಸಿ ಮುಖ ಎಲ್ಲೂ ತಾಗುವುದಿಲ್ಲ. ಭಾರದ ಬಾಗಿಲಾದರೆ ಇಬ್ಬರು ಬೇಕು.

ಹಲಗೆ ಕೂಡಿಸಿದ ಬಾಗಿಲಾದರೆ ಮೊದಲು ತಗ್ಗಿನ ಹಲಗೆ ಮತ್ತು ಅದರ ಸುತ್ತಿನ ಅಚ್ಚುಪಟ್ಟಿ, ಆಮೇಲೆ ನಡುವಿನ ಉದ್ದಪಟ್ಟಿ, ಅಡ್ಡಪಟ್ಟಿಗಳು, ಕೊನೆಗೆ ಎರಡು ಬದಿಯ ಉದ್ದಪಟ್ಟಿ ಮತ್ತು ಅಂಚು. ಮೂಲೆಗಳಲ್ಲಿ ನಿಂತ ಫಿನಿಶ್ಶನ್ನು ಒಣ ಬ್ರಶ್ಶಿನಿಂದ ಎಳೆದುಬಿಡಿ.

ಹಾರ್ಡ್‌ವ್ಯಾಕ್ಸ್ ಆಯಿಲನ್ನು ತೆಳುವಾಗಿ ಹಚ್ಚಿ. ಇನ್ನೂ ತೆಳುವಾಗಿ. ಹೊಸಬರೆಲ್ಲ ಮಾಡುವ ತಪ್ಪು ಧಾರಾಳ ಸುರಿಯುವುದು; ಹೆಚ್ಚಾದದ್ದು ಒಳಗೂ ಇಳಿಯದೆ, ಒಣಗಲೂ ಒಣಗದೆ ಜಿಗುಟಾಗಿ ಕೂರುತ್ತದೆ. ಡಬ್ಬಿ ಹೇಳಿದಷ್ಟು ಹೊತ್ತಿನ ಮೇಲೆ ಮಿಕ್ಕಿದ್ದನ್ನು ಒಣಬಟ್ಟೆಯಿಂದ ಒರೆಸಿ, ಒಂದು ರಾತ್ರಿ ಬಿಟ್ಟು ಎರಡನೆಯದು.

ನೀರಿನ ವಾರ್ನಿಶ್ಶಿಗೆ ಹಿಂದಿನ ದಿನವೇ ಹಿಂಡಿದ ಒದ್ದೆ ಬಟ್ಟೆಯಿಂದ ಬಾಗಿಲನ್ನು ಒಮ್ಮೆ ಒರೆಸಿ, ಒಣಗಿದ ಮೇಲೆ ಎದ್ದ ಎಳೆಗಳನ್ನು 240ರಲ್ಲಿ ಸವರಿ ತೆಗೆದರೆ ಮುಳ್ಳು ಬಹಳ ಮಟ್ಟಿಗೆ ತಪ್ಪುತ್ತದೆ. ನೀರು ನಿಲ್ಲುವಷ್ಟು ಒದ್ದೆ ಮಾಡಿದರೆ ವೆನೀರಿನ ಅಂಟಿಗೇ ಅಪಾಯ. ಮೊದಲ ಕೋಟ್ ಒಣಗಿದ ಮೇಲೆ 320ರಲ್ಲಿ ತೇಲಿಸಿ. ಬ್ರಶ್ಶಿನಲ್ಲಿ ಹೋದ ದಾರಿಗೇ ಮತ್ತೆ ಮತ್ತೆ ಹೋಗಬೇಡಿ. ಅರ್ಧ ಒಣಗಿದ ಮೇಲೆ ಎಳೆದರೆ ಗೆರೆ ಶಾಶ್ವತ. ಸಣ್ಣ ಸ್ಪಂಜಿನ ರೋಲರಿನಲ್ಲಿ ಹರಡಿ ಕೂಡಲೇ ಬ್ರಶ್ಶಿನ ತುದಿಯಿಂದ ಉದ್ದಕ್ಕೆ ಸವರುವುದು ನನಗೆ ಒಗ್ಗಿದ ಕ್ರಮ. 10 ಡಿಗ್ರಿಗಿಂತ ಚಳಿಯಿದ್ದಾಗ, ನೇರ ಬಿಸಿಲಿನಲ್ಲಿ, ಗಾಳಿಯೆಲ್ಲ ತೇವವಾದ ದಿನ ಈ ಕೆಲಸ ಬೇಡ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕ ಹೀರಿ ಕಾವು ಬಿಡುತ್ತದೆ. ಉಂಡೆಯೊಳಗೆ ಆ ಕಾವಿಗೆ ಹೊರದಾರಿಯಿಲ್ಲ. ಬೆಂಕಿ ಸೋಕಿಸದೆಯೇ ಹೊತ್ತಿಕೊಳ್ಳುತ್ತದೆ, ಅದೂ ಗಂಟೆಗಳ ನಂತರ, ನೀವು ಮಲಗಿದ ಮೇಲೆ. ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ.

ಮರೆಯುವ ಅಂಚುಗಳು

ಬಾಗಿಲಿಗೆ ಮುಖ ಎರಡು, ಅಂಚು ನಾಲ್ಕು. ಆರಕ್ಕೂ ಒಂದೇ ಸಂಖ್ಯೆಯ ಕೋಟ್ ಬೇಕು. ಒಂದು ಮುಖಕ್ಕೆ ಮೂರು, ಇನ್ನೊಂದಕ್ಕೆ ಒಂದು ಹಚ್ಚಿದರೆ ತೇವ ಒಂದೇ ಕಡೆಯಿಂದ ಒಳಹೊಕ್ಕು ಬಾಗಿಲು ಬಿಲ್ಲಾಗುತ್ತದೆ. ಕಣ್ಣಿಗೆ ಬೀಳದ ನೆತ್ತಿ ಮತ್ತು ಬುಡವೇ ತೇವದ ಹೆಬ್ಬಾಗಿಲು. ತೂಗುಹಾಕಿದ ಮೇಲೆ ಬುಡಕ್ಕೆ ಬ್ರಶ್ ಹೋಗುವುದಿಲ್ಲ. ಹಾಗಾಗಿ ಅಳತೆಗೆ ಕೊಯ್ಯುವುದು, ಹಿಂಜಿಗೆ ಕಚ್ಚು ಮಾಡುವುದು, ಬೀಗದ ತೂತು ಕೊರೆಯುವುದು ಎಲ್ಲ ಮೊದಲೇ ಆಗಲಿ, ಒಮ್ಮೆ ಕೂರಿಸಿ ನೋಡಿ ಬಿಚ್ಚಿ ಆಮೇಲೆ ಫಿನಿಶ್. ಕಚ್ಚು, ತೂತುಗಳ ಒಳಗೂ ಒಂದು ಕೋಟ್.

ತೂಗುಹಾಕಿದ ಮೇಲೆ

ಮುಟ್ಟಿದರೆ ಒಣಗಿದೆ ಅನ್ನಿಸುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಎರಡು ಮೂರು ವಾರದ ಅಂತರವಿದೆ. ಅಷ್ಟು ದಿನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಟೇಪು ಅಂಟಿಸಬೇಡಿ, ಚೌಕಟ್ಟಿನ ರಬ್ಬರಿಗೆ ಒತ್ತುವಂತೆ ಮುಚ್ಚಿಡಬೇಡಿ, ಅಂಟಿಕೊಂಡು ಕಿತ್ತುಬರುತ್ತದೆ. ಆಮೇಲೂ ಸಿಲಿಕೋನ್ ಇರುವ ಪಾಲಿಶ್ ಸ್ಪ್ರೇ ಹತ್ತಿರ ಸುಳಿಯದಿರಲಿ. ಅದು ಉಳಿಸುವ ಜಿಡ್ಡಿನಿಂದ ಮುಂದಿನ ಕೋಟ್ ಹರಡದೆ ಮೀನಿನ ಕಣ್ಣಿನಂಥ ಗುಂಡಿಗಳಾಗುತ್ತವೆ.

ಉಳಿದ ಫಿನಿಶ್ಶನ್ನು ಸಣ್ಣ ಬಾಟಲಿಗೆ ತುಂಬಿ ಗಾಳಿಯಾಡದಂತೆ ಮುಚ್ಚಿಡಿ. ಬಾಗಿಲಿನ ನೆತ್ತಿಯಂಚಿನ ಮೇಲೆ, ಸ್ಕ್ರೂ ತೆಗೆದ ತೂತಿನ ಪಕ್ಕದಲ್ಲಿ, ಹಚ್ಚಿದ್ದು ಏನು, ಯಾವ ಕಂಪನಿಯದು, ಎಷ್ಟು ಕೋಟ್, ಯಾವ ದಿನ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಏಳು ವರ್ಷದ ಮೇಲೆ ಏಣಿ ಹತ್ತಿ ಓದುವವರು ನೀವೇ ಆಗಿರಬಹುದು, ನಿಮ್ಮ ನಂತರ ಆ ಮನೆಗೆ ಬಂದವರೂ ಆಗಿರಬಹುದು.